ಎಂಟನೇ ದಿನದ ಪುಡಿ

ನನ್ನ ಅಕ್ಕ ಖಾರ ಮುಟ್ಟುತ್ತಿರಲಿಲ್ಲ. ಬಳ್ಳಾರಿಯಲ್ಲಿ ಶೇಂಗಾ ಚಟ್ನಿಪುಡಿ ಮಾಡಿ ಅಂಗಡಿಗಳಿಗೆ ಹಾಕಬೇಕೆಂದು ಹೊರಟವಳೂ ಅವಳೇ. ಕೇಳಿದವರೆಲ್ಲ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ, ಯಾಕೆಂದರೆ ಅವಳ ನಾಲಿಗೆ ಮಾಡಬೇಕಾದ ಕೆಲಸವನ್ನು ನನ್ನ ನಾಲಿಗೆ ಮಾಡಬೇಕಾಗಿತ್ತು.

ಅವಳು ಖಾರ ಬಿಟ್ಟದ್ದು ನನ್ನಿಂದ. ನನಗೆ ಐದು ವರ್ಷವಿದ್ದಾಗ ಜ್ವರ ಬಂದು ಇಳಿಯಲೇ ಇಲ್ಲವಂತೆ. ಅವ್ವ ಆಗಲೇ ತೀರಿಕೊಂಡಿದ್ದಳು. ಹದಿನಾಲ್ಕು ವರ್ಷದ ಅಕ್ಕ ಕುರುಗೋಡು ಬಸವಣ್ಣನಿಗೆ ಹರಕೆ ಹೊತ್ತಳು. ತಮ್ಮ ಉಳಿದರೆ ಮೆಣಸಿನಕಾಯಿಯನ್ನು ಬದುಕಿರುವ ತನಕ ನಾಲಿಗೆಗೆ ತಾಗಿಸುವುದಿಲ್ಲ ಎಂದು. ಹಸಿಮೆಣಸಿನಕಾಯಿಯನ್ನು ರೊಟ್ಟಿಯ ಜೊತೆ ಸೌತೆಕಾಯಿಯ ಹಾಗೆ ಕಡಿದು ತಿನ್ನುತ್ತಿದ್ದ ಹುಡುಗಿ ಅವಳು. ನಾನು ಉಳಿದೆ. ಅವಳು ಅಂದಿನಿಂದ ಸಪ್ಪೆ ಬೇಳೆ, ಮಜ್ಜಿಗೆಯಲ್ಲಿ ರೊಟ್ಟಿ ಮುರಿದು ತಿಂದಳು.

ಯಾವ ಮದುವೆಗೆ ಹೋಗಲಿ, ಪಂಕ್ತಿಯಲ್ಲಿ ಯಾರಾದರೊಬ್ಬರು ಆ ಮಾತು ಎತ್ತುತ್ತಿದ್ದರು. “ನಿನ್ನ ಸಲುವಾಗಿ ಅಕಿ ಸಪ್ಪಂದು ತಿಂತಾಳ ನೋಡಲೇ. ನೆನಪಿರಲಿ.” ನೆನಪಿಲ್ಲದೆ ಏನು? ತುತ್ತು ತುತ್ತಿಗೂ ನೆನಪಿಸುವವರಿದ್ದರು. ಅಕ್ಕ ಮಾತ್ರ ಒಂದು ದಿನವೂ ಆಡಿ ತೋರಿಸಲಿಲ್ಲ. ಅವಳು ಆಡಿ ತೋರಿಸಿದ್ದರೆ ನಾನು ಒಮ್ಮೆ ಜಗಳವಾಡಿ ಹಗುರಾಗುತ್ತಿದ್ದೆನೇನೋ.

ಅವಳನ್ನು ಸಿರುಗುಪ್ಪಕ್ಕೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲ, ಗಂಡನೂ ಬೇಗ ಹೋದ. ಆಮೇಲೆ ಬಳ್ಳಾರಿಗೆ, ಕೌಲ್‌ಬಜಾರಿನ ನನ್ನ ಒಂದೂವರೆ ಕೋಣೆಯ ಮನೆಗೆ ಬಂದಳು. ಯುದ್ಧ ಮುಗಿದಿತ್ತು, ರೇಷನ್ ಮುಗಿದಿರಲಿಲ್ಲ. ಮೂರನೇ ಈಯತ್ತೆಗೆ ಸಾಲೆ ಬಿಟ್ಟ ನನಗೆ ಬೀಡಿ ಹಾಕುವ ಕೆಲಸ ಸಿಕ್ಕಿತ್ತು. ಹೆಗಲಿಗೆ ಚೀಲ ಹಾಕಿಕೊಂಡು ಬಳ್ಳಾರಿ, ಕುರುಗೋಡು, ಸಿರುಗುಪ್ಪದ ಅಂಗಡಿಗಳಿಗೆ ತಿರುಗುತ್ತಿದ್ದೆ.

ಸಿರುಗುಪ್ಪದಲ್ಲಿ ಅವಳ ಭಾವನ, ಅಂದರೆ ಗಂಡನ ಅಣ್ಣನ, ಮನೆ ದೊಡ್ಡದು. ಗದ್ದೆ, ಆಳುಕಾಳು, ದಿನಕ್ಕೆ ಮೂರು ಹೊತ್ತು ಒಲೆ. ನಾನು ಆ ಕಡೆ ಹೋದಾಗಲೆಲ್ಲ ಭಾವ ಕರೆದು ಹೇಳುತ್ತಿದ್ದರು. “ಏನಪಾ, ನಿಮ್ಮಕ್ಕ ಅಲ್ಲಿ ಕುಂತು ಏನು ಮಾಡ್ತಾಳ? ಇಲ್ಲಿ ಬಂದು ಅಡಿಗಿಮನಿ ನೋಡಿಕೊಂಡಿರಂತ ಹೇಳು.” ಹೇಳಿದೆ. ಅಕ್ಕ ಉತ್ತರ ಕಳಿಸಿದಳು. “ದೀಪಾವಳಿ ತನಕ ತಡೀರಿ ಅನ್ನು. ನನ್ನ ಪುಡಿ ನಡದ್ರ ಇಲ್ಲೇ ಇರ್ತೀನಿ. ನಡೀಲಿಲ್ಲಂದ್ರ ಬರ್ತೀನಿ. ಮಾತು ಅಂದ್ರ ಮಾತು.”

ಆ ಮನೆಯ ಒಲೆಯ ಮುಂದೆ ಕೂತರೆ ಮತ್ತೆ ಏಳುವಂತಿಲ್ಲ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಗೊತ್ತಿದ್ದೂ ನಾನು ಮಾಡಿದ್ದನ್ನು ಈಗ ಬರೆಯುತ್ತಿದ್ದೇನೆ.

ಯುಗಾದಿ ಕಳೆದ ಮೇಲೆ ಅವಳ ಪ್ರಯೋಗ ಶುರುವಾಯಿತು. ಅಯ್ಯೋ, ಆ ಪ್ರಯೋಗ! ಬೆಳಿಗ್ಗೆ ಮುಖ ತೊಳೆದು ಬಂದರೆ ಗಂಗಾಳದಲ್ಲಿ ಐದು ಗುಪ್ಪೆ ಪುಡಿ. ಒಂದಕ್ಕೆ ಉಪ್ಪು ಕಾಳಿನಷ್ಟು ಹೆಚ್ಚು, ಒಂದಕ್ಕೆ ಬೆಲ್ಲ, ಒಂದಕ್ಕೆ ಬ್ಯಾಡಗಿ ಮೆಣಸಿನಕಾಯಿ, ಒಂದಕ್ಕೆ ಗುಂಟೂರಿನದು, ಒಂದಕ್ಕೆ ಎರಡೂ. ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದುಕೊಂಡು ನನ್ನ ಬಾಯನ್ನೇ ನೋಡುತ್ತಾ ಕೂರುತ್ತಿದ್ದಳು.

“ಇದಕ್ಕೂ ಅದಕ್ಕೂ ಏನು ಫರಕು ಐತಿ?”

“ಎಲ್ಲಾ ಒಂದ ಥರ ಅದಾವ.”

“ಒಂದ ಥರ ಹೆಂಗಾಗ್ತಾವಲೇ? ಅದು ನಾಲಿಗಿ ಐತೋ, ಚಪ್ಪಲಿ ಚರ್ಮ ಐತೋ?”

ನನಗೆ ಹೊಟ್ಟೆಯುರಿ. ನಿಜವಾದ ಹೊಟ್ಟೆಯುರಿ, ಎದೆಯವರೆಗೆ ಬರುವಂಥದು. ಅದರ ಮೇಲೆ ಪೆಟ್ರೋಲಿಲ್ಲದೆ ಇದ್ದಿಲ ಗ್ಯಾಸಿನ ಮೇಲೆ ಓಡುವ ಬಸ್ಸಿನಲ್ಲಿ ಕುರುಗೋಡಿನವರೆಗೆ ಕುಲುಕಬೇಕು. ಹದಿನೈದು ದಿನ ಸಹಿಸಿದೆ. ಹದಿನಾರನೇ ದಿನ ಮೂರನೇ ಗುಪ್ಪೆಗೆ ಬೆರಳಿಟ್ಟು, “ಇದಕ್ಕಿಂತ ಚಲೋದು ಮಾಡಾಕ ಆಗೂದಿಲ್ಲ” ಎಂದುಬಿಟ್ಟೆ. ಅವಳು ಗೋಡೆಯ ಆ ಗೆರೆಯ ಸುತ್ತ ಸೊನ್ನೆ ಸುತ್ತಿ, ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆ ಪುಡಿ ನಿಜಕ್ಕೂ ಚೆನ್ನಾಗಿತ್ತು. ಅದು ನನ್ನ ಪುಣ್ಯ ಅಷ್ಟೇ, ನಾನು ಆರಿಸಿದ್ದು ತಪ್ಪಿಸಿಕೊಳ್ಳಲು.

ಅಷ್ಟಕ್ಕೇ ಬಿಡುವವಳೇ? “ಇದು ಮನಿ ಪುಡಿ ಅಲ್ಲಪಾ, ಅಂಗಡಿ ಪುಡಿ. ಅಂಗಡ್ಯಾಗ ಎಂಟು ದಿನ ಕುಂತು ಹೆಂಗಿರ್ತೈತಿ ಅಂತ ನೋಡಬೇಕು. ದಿನಾ ಒಂದು ಚಿಟಿಕಿ ತಿಂದು ಹೇಳು. ನಾನು ತಿನ್ನಂಗಿಲ್ಲ, ನಿನಗ ಗೊತ್ತೈತೆಲ್ಲ.” ಖಾರ ಬಿಟ್ಟದ್ದರ ಮಾತು ಅವಳ ಬಾಯಿಂದ ನನ್ನೆದುರು ಬಂದದ್ದು ಅದೊಂದೇ ಸಲ.

ಪೊಟ್ಟಣ ನನ್ನ ಚೀಲದಲ್ಲೇ ಇರಲಿ, ಬಸ್ಸಿನಲ್ಲಿ ಕುಲುಕಿದರೆ ಹೇಗಾಗುತ್ತದೋ ಅದೂ ತಿಳಿಯುತ್ತದೆ ಎಂದೆ. ಎಂಥ ಜಾಣ ತಮ್ಮ ಎಂದು ಅವಳಿಗೆ ಹೆಮ್ಮೆ. ಮೊದಲ ದಿನ ತಿಂದೆ. ಎರಡನೇ ದಿನ ಕುರುಗೋಡಿನಲ್ಲಿ ಬಸ್ಸಿನ ಡ್ರೈವರು ರೊಟ್ಟಿ ಬಿಚ್ಚಿ, “ನಂಚಿಕೊಳ್ಳಾಕ ಏನೂ ಇಲ್ಲಲೇ” ಎಂದ. ಪೊಟ್ಟಣ ಅವನಿಗೆ ಕೊಟ್ಟೆ. ಕೂತಲ್ಲೇ ಮುಗಿಸಿ ಕಾಗದ ಕೊಡವಿದ. ಅಂದಿನಿಂದ ಏಳು ದಿನ ಸಂಜೆ ಅಕ್ಕ ಕೇಳುವಳು, “ಇವತ್ತು ಹೆಂಗೈತಿ?” ನಾನು ಹೇಳುವೆ, “ನಿನ್ನೆ ಹೆಂಗಿತ್ತೋ ಹಂಗ ಐತಿ.” ಡ್ರೈವರನ ಹೊಟ್ಟೆಯಲ್ಲಿದ್ದ ಪುಡಿಗೆ ನಾನು ಸರ್ಟಿಫಿಕೇಟು ಕೊಡುತ್ತಿದ್ದೆ.

ಪೊಟ್ಟಣದ ಕಾಗದ ಅಚ್ಚು ಹಾಕಿಸಲು ಹೋದ ಪ್ರೆಸ್ಸಿನಲ್ಲಿ ಯಾರೋ ಮಾಡಿಸಿ ಬಿಟ್ಟುಹೋಗಿದ್ದ ಗಿಣಿಯ ಚಿತ್ರದ ಅಚ್ಚು ಇತ್ತು. ಅದನ್ನೇ ಕೆಂಪು ಕಾಗದದ ಮೇಲೆ ಒತ್ತಿಸಿದೆವು. ಅಕ್ಕ ಆ ಗಿಣಿಯನ್ನು ನೋಡಿ, “ಇದಾದ್ರೂ ಮೆಣಸಿನಕಾಯಿ ತಿನ್ನಲಿ” ಎಂದು ನಕ್ಕಳು. ಬಳ್ಳಾರಿಯ ಅಂಗಡಿಗಳಲ್ಲಿ ಬೀಡಿಯ ಜೊತೆಗೆ ಇಟ್ಟೆ. ಮೊದಲ ವಾರ ಖಾಲಿಯಾಯಿತು. ಗಿಣಿ ಪುಡಿ ಎಂದು ಜನ ಕೇಳಿ ತೆಗೆದುಕೊಂಡರು. ಮನೆಯಲ್ಲಿ ಒನಕೆಯ ಸಪ್ಪಳ ನಿಲ್ಲಲಿಲ್ಲ. ಎರಡನೇ ಸಲ ಹೆಚ್ಚು ಹಾಕಿದೆ. ಹೆಚ್ಚು ಹಾಕಿದ್ದರಿಂದ ಅಂಗಡಿಯಲ್ಲಿ ಎಂಟು ಹತ್ತು ದಿನ ಕೂತಿತು.

ಮುಂದಿನ ಸಲ ಹೋದಾಗ ಕೌಲ್‌ಬಜಾರಿನ ಹಳೆಯ ಅಂಗಡಿಯವರು ಒಂದು ಪೊಟ್ಟಣವನ್ನು ಎರಡು ಬೆರಳಲ್ಲಿ ಹಿಡಿದು ನನ್ನ ಮುಂದೆ ಇಟ್ಟರು.

“ಏನಪಾ, ನಿನ್ನ ಗಿಣಿ ನಾರಾಕತ್ತೈತಿ.”

ಬಿಚ್ಚಿ ನೋಡಿದೆ. ಪುಡಿ ಹೆಂಟೆಗಟ್ಟಿತ್ತು. ವಾಸನೆಗೆ ಮುಖ ತಿರುಗಿಸಿದೆ.

“ಹಸಿ ಬಳ್ಳೊಳ್ಳಿ ಕುಟ್ಟಿ ಹಾಕ್ಯಾರ. ಅದು ನೀರು ಬಿಟ್ಟೈತಿ. ಮನಿಯಾಗ ನಾಕು ದಿನದಾಗ ತಿಂದು ಖಾಲಿ ಮಾಡ್ತಾರ, ಗೊತ್ತಾಗೂದಿಲ್ಲ. ಬಳ್ಳೊಳ್ಳಿ ಎಣ್ಣ್ಯಾಗ ಕೆಂಪಗ ಹುರದು ಹಾಕಾಕ ಹೇಳು. ಪುಡಿ ಭಾಳ ಚಲೋ ಐತಿ, ಆಮ್ಯಾಲೆ ತಗೊಂಬಾ, ನಾನ ಮಾರಿಕೊಡ್ತೀನಿ.”

ಬೈಗುಳವಲ್ಲ, ಬುದ್ಧಿಮಾತು. ಅಂಗಡಿಯಿಂದ ಮನೆಗೆ ಹತ್ತು ನಿಮಿಷದ ದಾರಿ. ಅಷ್ಟು ದೂರ ಒಂದು ವಾಕ್ಯ ಹೊತ್ತುಕೊಂಡು ಹೋಗುವುದು ನನ್ನಿಂದ ಆಗಲಿಲ್ಲ. ಹೇಳಿದರೆ ಎಂಟು ದಿನ ತಿಂದೆನೆಂದ ಸುಳ್ಳು ಹೊರಬೀಳುತ್ತದೆ. ಹೇಳಿದರೆ ನಾಳೆ ಬೆಳಿಗ್ಗೆ ಮತ್ತೆ ಗಂಗಾಳ, ಐದು ಗುಪ್ಪೆ. ಇನ್ನೂ ಒಂದಿತ್ತು, ಅದನ್ನು ಬರೆಯಲು ನಾಚಿಕೆ. ನನ್ನ ಜೀವಕ್ಕಾಗಿ ತನ್ನ ನಾಲಿಗೆ ಕೊಟ್ಟವಳು ಸಂಜೆ ಸಂಜೆ ನನ್ನ ಬಾಯನ್ನು ನೋಡುತ್ತಾ ಕೂರುವುದೇ ನನಗೆ ಬೇಡವಾಗಿತ್ತು.

ಅವಳು ಕದದಲ್ಲೇ ಕೇಳಿದಳು. “ಏನಂದ್ರೋ?”

“ಚಲೋ ಐತಿ ಅಂದ್ರು. ಕುರುಗೋಡಿಗೂ ಹಾಕು ಅಂದ್ರು.”

ಹೀಗೆ ಪುಡಿ ಕುರುಗೋಡಿಗೆ ಹೋಯಿತು. ಅಲ್ಲಿಯೂ ಮೊದಲ ಸಲ ಹೊಗಳಿದರು, ಎರಡನೇ ಸಲ ಮೂಗು ಮುಚ್ಚಿದರು, ಅದೇ ಬೆಳ್ಳುಳ್ಳಿಯ ಮಾತು ಹೇಳಿದರು. ಆಮೇಲೆ ಸಿರುಗುಪ್ಪಕ್ಕೆ ಹೋಯಿತು. ಪ್ರತಿ ಹೊಸ ಊರೂ ಹಿಂದಿನ ಊರಿನಿಂದ ಓಡಿ ಬಂದದ್ದು. ಅಕ್ಕನ ಲೆಕ್ಕದಲ್ಲಿ ಮಾತ್ರ ವ್ಯಾಪಾರ ಬೆಳೆಯುತ್ತಿತ್ತು. “ಮೂರೂರಾಗ ನನ್ನ ಗಿಣಿ ಹಾರ್ಯಾಡಾಕತ್ತೈತಿ” ಎಂದು ನೀರಿಗೆ ಬಂದ ಹೆಂಗಸರ ಮುಂದೆ ಹೇಳಿಕೊಳ್ಳುತ್ತಿದ್ದಳು. ದುಡ್ಡು ಎಲ್ಲಿ ಎಂದರೆ, ಅಂಗಡಿಯವರು ದೀಪಾವಳಿಗೆ ಲೆಕ್ಕ ಚುಕ್ತಾ ಮಾಡುತ್ತಾರೆ ಎನ್ನುತ್ತಿದ್ದೆ. ವಾಪಸು ಬಂದ ಪೊಟ್ಟಣಗಳನ್ನು ನಾನು ತೆಕ್ಕಲಕೋಟೆಯ ಹತ್ತಿರ ಹಳ್ಳಕ್ಕೆ ಸುರಿದು ಬರುತ್ತಿದ್ದೆ. ಒಂದು ನಾಯಿ ಮೂಸಿ ನೋಡಿ, ಸೀನಿ, ನನ್ನನ್ನೇ ಒಂದು ಗಳಿಗೆ ನೋಡಿ ಹೋಯಿತು.

ದಸರೆ ಹತ್ತಿರ ಬಂದಾಗ ಅಕ್ಕ ಕುರುಗೋಡಿಗೆ ಹೋಗೋಣ ಎಂದಳು. ಬಸವಣ್ಣನಿಗೆ ಕಾಯಿ ಒಡೆಸಬೇಕು, ಹಾಗೇ ಬಜಾರಿನಲ್ಲಿ ತನ್ನ ಗಿಣಿ ಯಾವ ಅಂಗಡಿಯಲ್ಲಿ ತೂಗುತ್ತಿದೆ ನೋಡಬೇಕು. ಬಸ್ಸು ಕೆಟ್ಟಿದೆ ಎಂದೆ. “ಎತ್ತಿನ ಗಾಡ್ಯಾಗ ಹೋಗೂನು” ಎಂದಳು. ಬಿಸಿಲು ಎಂದೆ. “ಒಲಿ ಮುಂದ ಕುಂತಾಕಿಗೆ ಬಿಸಿಲೇನೋ?” ಎಂದಳು. ಕೊನೆಗೆ ಬಸ್ಸೇ ಹತ್ತಿದೆವು. ದಾರಿಯುದ್ದಕ್ಕೂ ಮುಂದಿನ ಸೀಟಿನಲ್ಲಿ ಕೂತು ಪಕ್ಕದ ಹೆಂಗಸಿಗೆ ಪುಡಿಯ ಕಥೆ ಹೇಳಿದಳು. ನಾನು ಹಿಂದೆ ಕೂತು, ಈ ದರಿದ್ರ ಬಸ್ಸು ದಿನಾ ಕೆಡುತ್ತದೆ, ಇವತ್ತೊಂದು ದಿನ ಕೆಡಬಾರದೇ ಎಂದುಕೊಳ್ಳುತ್ತಿದ್ದೆ. ಕೆಡಲಿಲ್ಲ.

ಬಜಾರಿನ ಮೊದಲ ಅಂಗಡಿಯಲ್ಲೇ ಅಕ್ಕ ನಿಂತಳು. ನಾನು ನಾಲ್ಕು ಹೆಜ್ಜೆ ಹಿಂದೆ.

“ಅಣ್ಣಾರ, ಗಿಣಿ ಪುಡಿ ಐತೇನ್ರಿ?”

“ಅದನ್ನ ಕೇಳಬ್ಯಾಡವ್ವಾ. ಹೊಟ್ಟಿ ಕೆಟ್ಟೀತು.” ಅಂಗಡಿಯವರ ಕಣ್ಣು ನನ್ನ ಮೇಲೆ ಬಿತ್ತು. “ಅಗಾ, ತರಾಂವ ಅಲ್ಲೇ ನಿಂತಾನ ನೋಡ್ರಿ. ಬಳ್ಳೊಳ್ಳಿ ಹುರದು ಹಾಕಾಕ ಹೇಳಪಾ ಅಂತ ಎರಡು ಸಲ ಹೇಳಿ ಕಳಿಸೀನಿ. ಮಾಡಾಕಿ ಕಿವುಡಿ ಇರಬೇಕು ಬಿಡು ಅನ್ಕೊಂಡೆ.”

“ಮಾಡಾಕಿ ನಾನ ಅದೀನ್ರಿ,” ಎಂದಳು ಅಕ್ಕ.

ಅವರು ಗಲ್ಲಾದ ಮೇಲಿನ ಕೈ ತೆಗೆದು ಎದ್ದು ನಿಂತರು. ಯಾಕೆ ನಿಂತರೋ ಅವರಿಗೇ ಗೊತ್ತಿರಲಿಕ್ಕಿಲ್ಲ. ಅಕ್ಕ “ಹುರದು ಅಂದ್ರ ಸಿಪ್ಪಿ ಸಮೇತನೋ, ಸುಲದೋ?” ಎಂದು ಕೇಳಿದಳು. ಅವರು ಹೇಳಿದರು. ಅವಳು ಕೇಳಿಸಿಕೊಂಡು, ಕೈ ಮುಗಿದು, ಗುಡಿಯ ಕಡೆ ನಡೆದಳು.

ಗುಡಿಯ ಕಟ್ಟೆಯ ಮೇಲೆ ಕೂತ ಮೇಲೆ ಮಾತು ಬಂತು. “ಎಂಟು ದಿನ ತಿಂದೆ ಅಂದಿದ್ದೆಲ್ಲ?”

“ಇಲ್ಲಕ್ಕಾ. ಒಂದು ದಿನ ತಿಂದೆ.”

“ಬಳ್ಳಾರಿಯವ್ರೂ ಇದನ್ನ ಹೇಳಿದ್ರೇನು?”

“ಹೂಂ.”

“ಸಿರುಗುಪ್ಪದವ್ರು?”

“ಅವ್ರೂ,” ಎಂದೆ. ಅವಳು ತಂದ ಕಾಯಿಯನ್ನು ಮಡಿಲಲ್ಲಿ ತಿರುಗಿಸಿದಳು. “ಚಲೋ ಐತಿ ಅಂತ ಹೇಳಾಕ ನಿನ್ನ ನಾಲಿಗಿ ಯಾಕ ಬೇಕಿತ್ತೋ? ಅಷ್ಟು ನಾನ ಹೇಳಿಕೊಂತಿದ್ದೆ.”

ಕಾಯಿ ಒಡೆಸಿಯೇ ಬಂದಳು.

ಮರುದಿನವೇ ಬೆಳ್ಳುಳ್ಳಿ ಹುರಿದು ಹೊಸ ಪುಡಿ ಮಾಡಿದಳು. ನನಗೆ ರುಚಿ ನೋಡು ಎನ್ನಲಿಲ್ಲ. ಚೀಲ ತುಂಬಿಕೊಂಡು ಮೂರೂ ಊರು ತಿರುಗಿದೆ. ಆ ಸಲ ನಿಜವಾಗಿ ತಿರುಗಿದೆ, ಕಾಲು ಹಿಡಿಯುವುದೊಂದು ಬಿಟ್ಟು ಎಲ್ಲಾ ಮಾಡಿದೆ. ಮಾರಿಕೊಡುತ್ತೇನೆ ಎಂದಿದ್ದ ಕೌಲ್‌ಬಜಾರಿನ ಹಿರಿಯರೇ ತಲೆಯಾಡಿಸಿದರು. “ಆವಾಗ ತಂದಿದ್ರ ಮಾತು ಬ್ಯಾರೆ ಇತ್ತಪಾ. ಈಗ ಗಿಣಿ ಕಂಡ್ರ ಜನ ದೂರ ಸರೀತಾರ.” ಪ್ರೆಸ್ಸಿನಲ್ಲಿ ನವಿಲಿನ ಅಚ್ಚೂ ಇದೆ, ಚಿತ್ರ ಬದಲಿಸೋಣ ಎಂದು ಮನೆಗೆ ಬಂದು ಹೇಳಿದೆ.

ಅಕ್ಕ ಪಾತ್ರೆ ತಿಕ್ಕುತ್ತಿದ್ದಳು. “ಚಿತ್ರ ನವಿಲಾತು. ತರೋ ಮುಖ ಅದ ಅಲ್ಲೇನು?”

ದೀಪಾವಳಿ ಬಂತು. ಇಲ್ಲೇ ಇರು, ನಾನು ಸಾಕುತ್ತೇನೆ ಎಂದೆ. “ಸಾಕೂದು ಬ್ಯಾಡಂತನ ಕುಟ್ಟಿದ್ದು” ಎಂದಳು. “ಭಾವಾರಿಗೆ ಮಾತು ಕೊಟ್ಟೀನಿ.” ಬಸವಣ್ಣನಿಗೆ ಕೊಟ್ಟ ಮಾತನ್ನು ಅಷ್ಟು ವರ್ಷ ನಡೆಸಿದವಳಿಗೆ ಭಾವನಿಗೆ ಕೊಟ್ಟ ಮಾತು ಉಳಿಸಿಕೊಳ್ಳುವುದು ಯಾವ ಲೆಕ್ಕ? ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ. ನಾನೇ ಬಸ್ಸಿನ ಮೇಲೆ ಹಾಕಿಸಿದೆ.

ಮನೆಗೆ ಬಂದರೆ ಗೋಡೆಯ ನನ್ನ ಗೂಡಿನಲ್ಲಿ ಒಂದು ಕೆಂಪು ಪೊಟ್ಟಣ. ಏನೂ ಹೇಳಿ ಹೋಗಿರಲಿಲ್ಲ. ದಿನಾ ಒಂದು ಚಿಟಿಕೆ ತಿಂದೆ. ಎಂಟನೇ ದಿನ ಬಿಚ್ಚಿದಾಗ ಪುಡಿ ಮರಳಿನ ಹಾಗೆ ಉದುರುದುರಾಗಿತ್ತು, ಹುರಿದ ಬೆಳ್ಳುಳ್ಳಿಯ ಘಮ ಹಾಗೇ ಇತ್ತು. ಗೋಡೆಯ ಮೇಲೆ ಅವಳ ಇದ್ದಿಲಿನ ಗೆರೆಗಳು. ಅದರ ಎದುರು ಕೂತು ರೊಟ್ಟಿಯ ಜೊತೆ ಪೂರ್ತಿ ತಿಂದೆ. ಹೊಟ್ಟೆ ಉರಿಯಿತು, ಉರಿಯಲಿ ಎಂದು ಬಿಟ್ಟೆ.

ಮುಂದಿನ ವಾರ ಬೀಡಿ ಚೀಲ ಹೊತ್ತು ಸಿರುಗುಪ್ಪಕ್ಕೆ ಹೋದೆ. ಭಾವನ ಮನೆಯ ಹಿತ್ತಲ ಬಾಗಿಲಲ್ಲಿ ಅಕ್ಕ ಅಕ್ಕಿ ತೊಳೆಯುತ್ತಿದ್ದಳು. ತಲೆ ಎತ್ತಿ ನೋಡಿ, ಕೂರು ಎಂದು ಕಲ್ಲು ತೋರಿಸಿದಳು. ನಾನು ಕೂರಲಿಲ್ಲ.

“ಅಕ್ಕಾ, ಪುಡಿ ಎಂಟು ದಿನಾನೂ ತಿಂದೆ. ಕೆಟ್ಟಿಲ್ಲ. ಹೆಂಟಿ ಕಟ್ಟಿಲ್ಲ. ಉಪ್ಪು ಮಾತ್ರ ಒಂದು ಚೂರು ಜಾಸ್ತಿ ಆಗೈತಿ.”

ಅವಳ ಕೈ ನೀರಿನಲ್ಲಿ ನಿಂತಿತು.

“ಎಷ್ಟು ಚೂರು?”

ಅದನ್ನು ಹೇಳುವಷ್ಟು ನನ್ನ ನಾಲಿಗೆ ಕಲಿತಿರಲಿಲ್ಲ. ನೆನಪು ಮಾಡಿಕೊಳ್ಳುತ್ತಾ ನಿಂತಿದ್ದೆ. ಒಳಗಿನಿಂದ ಯಾರೋ ಅನ್ನಕ್ಕೆ ಎಷ್ಟು ಹೊತ್ತು ಎಂದು ಕೂಗಿದರು. ಅವಳು ಅಕ್ಕಿಯ ನೀರು ಬಸಿದು, ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.