ವೈಸ್ ಕೆಟ್ಟ ಒಂಬತ್ತು ತಿಂಗಳು

ಅಫಜಲಪುರದ ಕಮ್ಮಾರ ದತ್ತಪ್ಪನ ವೈಸ್ ಕೆಟ್ಟಿದೆ ಎಂಬುದು ಆಳಂದದಿಂದ ಜೇವರ್ಗಿಯವರೆಗೆ ಕಬ್ಬಿಣ ಮುಟ್ಟುವ ಎಲ್ಲ ಗಂಡಸರಿಗೂ ಗೊತ್ತಿತ್ತು. ಅಯ್ಯೋ ಪಾಪ ಅಂದವರು ಎಷ್ಟೋ ಜನ. ಅದು ಕೆಟ್ಟ ದಿನದಿಂದ ಅದರ ಕೆಲಸವನ್ನು ಯಾರು ಮಾಡುತ್ತಿದ್ದಾರೆ ಎಂದು ಮಾತ್ರ ಒಬ್ಬನೂ ಕೇಳಲಿಲ್ಲ. ಮಾಡುತ್ತಿದ್ದವಳು ಅವನ ಹೆಂಡತಿ ದ್ರೌಪದಿ.

ಮೂವತ್ತೆಂಟನೆಯ ಇಸವಿಯ ಮಾತು. ಆ ವೈಸ್ ದತ್ತಪ್ಪನ ತಂದೆ ಮುಚ್ಚಿಹೋದ ಹತ್ತಿ ಮಿಲ್ಲೊಂದರಿಂದ ತಂದದ್ದು. ಮೈಮೇಲೆ ಇಂಗ್ಲಿಷ್ ಅಕ್ಷರ, ಎರಡು ದವಡೆ. ಹಿಡಿ ತಿರುಗಿಸಿದರೆ ಮೊಳದುದ್ದದ ತಿರುಪು ಒಳಗಿನ ನಟ್ಟಿನಲ್ಲಿ ಓಡಿ, ದವಡೆಗಳು ಕೂಡಿ, ಕಬ್ಬಿಣವನ್ನು ಅಲುಗದಂತೆ ಕಚ್ಚುತ್ತಿದ್ದವು. ಈಗ ನಟ್ಟಿನೊಳಗಿನ ಸುತ್ತುಗೆರೆಗಳು ಸವೆದುಹೋಗಿದ್ದವು. ಹಿಡಿ ತಿರುಗುತ್ತಿತ್ತು, ದವಡೆ ಕಚ್ಚುತ್ತಿರಲಿಲ್ಲ.

ಹಾಗಾಗಿ ದ್ರೌಪದಿ ಕಚ್ಚಿ ಹಿಡಿಯಬೇಕಾಯಿತು. ನಸುಕಿನಲ್ಲಿ ಎದ್ದು ಜೋಳ ಬೀಸಿ, ನೀರು ತಂದು, ರೊಟ್ಟಿ ಬಡಿದು, ಕುಲುಮೆಯ ತಿದಿ ಒತ್ತಿ ಮುಗಿಸಿದ ಮೇಲೆ ಅವಳು ಕಟ್ಟಿಗೆಯ ದಿಮ್ಮಿಯ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದಳು. ಎರಡೂ ಕೈಯಿಂದ ಇಕ್ಕಳ ಅದುಮಿ, ಅದರ ಮೇಲೆ ಹಿಮ್ಮಡಿ ಒತ್ತಿ ಹಿಡಿಯುತ್ತಿದ್ದಳು. ದತ್ತಪ್ಪ ಅರ ಉಜ್ಜುತ್ತಿದ್ದ, ಉಳಿ ಹೊಡೆಯುತ್ತಿದ್ದ. ಕಬ್ಬಿಣ ಅಲುಗಿದರೆ ಬೈಗುಳ ಅವಳಿಗೆ. ನಾಲ್ಕನೆಯ ತಿಂಗಳಲ್ಲಿ ಉಳಿ ಜಾರಿ ಅವಳ ಎಡಗೈ ಹೆಬ್ಬೆರಳಿನ ಉಗುರನ್ನು ಬುಡಸಹಿತ ಕಿತ್ತಿತು. ಅರಿಶಿನ ಮೆತ್ತಿ, ಬಟ್ಟೆ ಸುತ್ತಿ, ಮರುದಿನ ಮತ್ತೆ ಅದೇ ದಿಮ್ಮಿ. ಇನ್ನೊಂದು ಸಲ ಉಳಿ ಜಾರಿದರೆ ಬೆರಳೇ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಬೆರಳಿಲ್ಲದ ಕೈಗೂ ಬೀಸುವ ಕಲ್ಲು ತಪ್ಪುವುದಿಲ್ಲ ಎಂಬುದೂ ಗೊತ್ತಿತ್ತು.

ದತ್ತಪ್ಪ ಹುಡುಕಲಿಲ್ಲ ಎಂದಲ್ಲ. ಜೇವರ್ಗಿಗೆ ಹೋಗಿ ಒಂದು ನಟ್ಟು ತಂದ. ದಪ್ಪ ಸರಿಯಿತ್ತು, ಸುತ್ತುಗೆರೆ ಬೇರೆ. ಎರಡನೆಯ ಸುತ್ತಿನಲ್ಲೇ ಸಿಕ್ಕಿಹಾಕಿಕೊಂಡಿತು. ಆಳಂದದ ಗುಜರಿ ಅಂಗಡಿಯ ಶರಫುದ್ದೀನನ ಹತ್ತಿರ ಎರಡು ಸಲ ಹೋದ. ಬೆರಳಿನಿಂದ ಅಳತೆ ತೋರಿಸಿದ, ಬಾಯಿಂದ ವರ್ಣಿಸಿದ. ಎರಡು ಸಲವೂ ಚಹಾ ಕುಡಿದು ಬರಿಗೈಯಲ್ಲಿ ಬಂದ.

"ಆ ತಿರುಪು ಬಿಚ್ಚಿ ತಗೊಂಡು ಹೋಗ್ರಲ್ಲ. ಅದರ ಮ್ಯಾಲೇ ನಟ್ಟು ತಿರುವಿ ನೋಡಿ ತರ್ರಿ," ಅಂದಳು ದ್ರೌಪದಿ.

"ಹುಚ್ಚಿ ಇದ್ದೀಯೇನ ಬೇ? ಕಮ್ಮಾರ ತನ್ನ ಕೆಟ್ಟ ಕಬ್ಬಿಣ ಹೊತ್ಕೊಂಡು ಇನ್ನೊಬ್ಬನ ಬಾಗಲಿಗೆ ಹೋದ್ರ ಮೀಸಿ ಬೋಳಿಸ್ಕೊಂಡಂಗ. ನಮ್ಮಪ್ಪ ಎಂದೂ ಹೋಗಿಲ್ಲ."

"ಮೀಸಿ ಮತ್ತ ಬೆಳಿತದ್ರಿ. ನನ್ನ ಉಗುರು ಬೆಳದಿಲ್ಲ ನೋಡ್ರಿ," ಎಂದು ಹೆಬ್ಬೆರಳನ್ನು ಅವನ ಮುಖದ ಮುಂದೆ ಹಿಡಿದಳು. ಅವನು ನೋಡಲಿಲ್ಲ.

ಒಂಬತ್ತನೆಯ ತಿಂಗಳಿಗೆ ಆಳಂದದಿಂದ ಹೇಳಿಕೆ ಬಂತು. ದ್ರೌಪದಿಯ ತಂಗಿ ರುಕ್ಮಿಣಿ ಹೆತ್ತಿದ್ದಳು, ಬಾಣಂತನಕ್ಕೆ ಜನ ಬೇಕಿತ್ತು. ಹೆಂಗಸಿಗೆ ಊರು ಬಿಟ್ಟು ಹೋಗಲು ಅಪ್ಪಣೆ ಸಿಗುವುದೇ ಇನ್ನೊಂದು ಮನೆಯ ಚಾಕರಿಗೆ. ದತ್ತಪ್ಪ ಗೊಣಗಿದ: "ನೀ ಹೋದ್ರ ಇಲ್ಲಿ ಹಿಡಿಯೋರ್ಯಾರು?" ಅವನು ಕೆರೆ ಕಡೆ ಹೋದಾಗ ಅವಳು ವೈಸಿನ ತಿರುಪನ್ನು ಬಿಚ್ಚಿ, ಹಳೆಯ ಕುಪ್ಪಸದಲ್ಲಿ ಸುತ್ತಿ, ಅಂಟಿನುಂಡೆಯ ಬುಟ್ಟಿಯ ತಳಕ್ಕಿಟ್ಟಳು.

ಆಳಂದದಲ್ಲಿ ಹತ್ತು ದಿನ ಕೂಸಿಗೂ ಬಾಣಂತಿಗೂ ಎರೆದು, ಬಟ್ಟೆ ಒಗೆದು, ಹನ್ನೊಂದನೆಯ ಮಧ್ಯಾಹ್ನ ಅವಳು ಶರಫುದ್ದೀನನ ಅಂಗಡಿಗೆ ಹೋದಳು. ಅಂಗಡಿಗಲ್ಲ, ಅದರ ಹಿಂದಿನ ಮನೆಗೆ. ಆ ಮನೆಯ ಹೆಂಗಸರಿಗೆ ಗೋಷಾ. ಹೊರಗಿನ ಗಂಡಸು ಪರದೆ ದಾಟುವಂತಿಲ್ಲ. ಆದರೆ ಬಂದ ಗುಜರಿಯೆಲ್ಲ ಬೀಳುವುದು ಅದೇ ಪರದೆಯ ಹಿಂದಿನ ಅಂಗಳದಲ್ಲಿ. ಶರಫುದ್ದೀನನ ಹೆಂಡತಿ ವಜೀರುನ್ನಿಸಾ ಇಬ್ಬರು ಸೊಸೆಯರೊಡನೆ ತುಕ್ಕು ಕಬ್ಬಿಣ ಆರಿಸುತ್ತ ಕೂತಿದ್ದಳು. ಮೊಣಕೈವರೆಗೆ ಕೆಂಪು ಧೂಳು.

ದ್ರೌಪದಿ ಕುಪ್ಪಸ ಬಿಚ್ಚಿ ತಿರುಪು ತೋರಿಸಿದಳು. ವಜೀರುನ್ನಿಸಾ ಸುತ್ತುಗೆರೆಯೊಳಗೆ ಉಗುರು ಇಟ್ಟು ಎಳೆದು ನೋಡಿದಳು.

"ಅರೇ, ಇದರ ಜೋಡಿ ನನ್ನ ಹತ್ರ ಅದ! ದವಡಿ ಮುರದದ, ಹೊಟ್ಟಿಯೊಳಗಿನ ನಟ್ಟು ಚಲೋ ಅದ. ಬಾರವ್ವ."

ಮೂಲೆಯಲ್ಲಿ ಬೋರಲು ಹಾಕಿದ ದೊಡ್ಡ ಬುಟ್ಟಿ, ಒಳಗೆ ಕೋಳಿಗಳ ಗದ್ದಲ. ಬುಟ್ಟಿ ಹಾರದಂತೆ ಮೇಲೆ ಹೇರಿದ್ದ ಕಬ್ಬಿಣವೇ ಒಂದು ವೈಸ್. ಮೈಮೇಲೆ ಅವೇ ಅಕ್ಷರ.

"ನಮ್ಮ ಮನಿಯವರು ಎರಡು ಸಲ ಬಂದು ಕೇಳ್ಯಾರಲ್ಲ, ಬೀಬಿ!"

"ಯಾರನ್ನ ಕೇಳ್ಯಾರ? ಗಾದಿ ಮ್ಯಾಲ ಕುಂತು ಹುಕ್ಕಾ ಸೇದೋರನ್ನ. ಅವರಿಗೇನು ಗೊತ್ತು? ಆರಿಸೋಳು ನಾನು. ನನ್ನನ್ನ ಯಾರು ಕೇಳಿದ್ರು?"

ದ್ರೌಪದಿ ಲೆಕ್ಕ ಹಾಕಿದಳು. ಒಂಬತ್ತು ತಿಂಗಳು! ಪರದೆಯ ಈಚೆ ವೈಸ್, ಆಚೆ ಚಹಾ ಕುಡಿಯುವ ತನ್ನ ಗಂಡ. "ಒಳಗ ಒಂದು ಮಾತು ಕೇಳಿ ನೋಡ್ರಿ" ಎಂದಿದ್ದರೆ ಮುಗಿಯುತ್ತಿತ್ತು. ಆ ಒಂದು ಮಾತು ಇಬ್ಬರು ಗಂಡಸರ ಬಾಯಿಗೂ ಬರಲಿಲ್ಲ.

ಆ ಮನೆಯ ಹೆಂಗಸರು ಮೂವರೂ ಸೇರಿ ಮುರುಕು ವೈಸಿನ ತಿರುಪನ್ನು ಬಡಿದು ತೆಗೆದು, ನಟ್ಟನ್ನು ಹೊರಗೆಳೆದು ಎಣ್ಣೆ ಬಿಟ್ಟರು. ದ್ರೌಪದಿ ತನ್ನ ತಿರುಪು ಇಟ್ಟು ತಿರುಗಿಸಿದಳು. ಒಂದು ಸುತ್ತು. ಎರಡು. ಜೇವರ್ಗಿಯ ನಟ್ಟು ಸಿಕ್ಕಿಕೊಂಡದ್ದು ಇಲ್ಲೇ. ಮೂರು, ನಾಲ್ಕು, ಐದು, ಸರಾಗವಾಗಿ ಹೋಯಿತು.

"ಏನು ಕೊಡಲಿ, ಬೀಬಿ?"

"ಅಷ್ಟೇ ಭಾರದ ಕಲ್ಲು ತಂದು ಬುಟ್ಟಿ ಮ್ಯಾಲ ಇಟ್ಟು ಹೋಗು. ಕೋಳಿ ನನ್ನವು, ಕೋಳಿ ಮ್ಯಾಲಿನ ಹೇರೂ ನಂದೇ. ನಮ್ಮವರು ಕೇಳಿದ್ರ ನಾ ನೋಡ್ಕೋತೇನಿ."

ಊರಿಗೆ ಬಂದು ನಟ್ಟು ಮುಂದಿಟ್ಟಾಗ ದತ್ತಪ್ಪ ಬಾಯಿ ಬಿಡಲಿಲ್ಲ. ಕೂರಿಸಿದ, ವೈಸ್ ಕಚ್ಚಿತು. ಮೂರನೆಯ ದಿನ ಕರಜಗಿಯ ಮಲ್ಕಪ್ಪ ಗಾಡಿಯ ಗಾಲಿ ಕಳಚದಂತೆ ತಡೆಯುವ ಕಡಾಣಿ ಸರಿಮಾಡಿಸಲು ಬಂದಾಗ ದತ್ತಪ್ಪನ ಬಾಯಿ ತೆರೆಯಿತು: "ಶರಫುದ್ದೀನಗ ಹೇಳಿಟ್ಟಿದ್ದೆ, ನನ್ನ ಸಲುವಾಗಿ ತೆಗೆದಿಟ್ಟಿದ್ದ." ಹಿಟ್ಟು ನಾದುತ್ತಿದ್ದ ದ್ರೌಪದಿಗೆ ಅದು ಕೇಳಿಸಿತು. ಅಷ್ಟರಲ್ಲಿ ಕೂಗು ಬಂತು.

"ಏ ದ್ರೌಪದಿ, ಬಾ ಇಲ್ಲಿ. ಇದನ್ನ ಹಿಡಿ."

"ವೈಸು ಅದಲ್ರಿ?"

"ಅದಕ್ಕ ಬಿಗೀಬೇಕು, ಬಿಚ್ಚಬೇಕು, ಯಾರು ತಿರುವ್ತಾರ? ನೀ ಆದ್ರ ಥಟ್ಟನ ಹಿಡೀತಿ."

ದ್ರೌಪದಿ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. ಅವನ ಕೈಯಿಂದ ಕಡಾಣಿ ಕಸಿದು, ದವಡೆಗಳ ನಡುವೆ ಇಟ್ಟು, ಹಿಡಿ ಬಿಗಿದಳು.

"ಮಲ್ಕಪ್ಪಣ್ಣ, ನೀವೇ ಕೇಳ್ರಿ. ಈ ನಟ್ಟು ಸಿಕ್ಕದ್ದು ಕೋಳಿಬುಟ್ಟಿ ಮ್ಯಾಲ. ಹುಡುಕಿ ಕೊಟ್ಟಾಕಿ ಶರಫುದ್ದೀನನ ಹೇಣ್ತಿ, ಹೊತ್ತು ತಂದಾಕಿ ನಾನು. ಇನ್ನ ಹಿಡಿಯೋದು ಇದರ ಕೆಲಸ, ನಂದಲ್ಲ."

"ಜನರ ಮುಂದ ಏನು ಮಾತಾಡ್ತಿ ಬೇ?"

"ಜನರ ಮುಂದೇ ಹಿಡಿಸಿದ್ರಲ್ಲ ಒಂಬತ್ತು ತಿಂಗಳು. ಆಗ ನಾಚಿಕಿ ಬರಲಿಲ್ಲೇನ್ರಿ?"

ಮಲ್ಕಪ್ಪ ನೆಲ ನೋಡಿದ. ದ್ರೌಪದಿ ಒಳಗೆ ಹೋದಳು. ಆ ಕಡಾಣಿ ಮುಗಿಯುವಷ್ಟರಲ್ಲಿ ದತ್ತಪ್ಪ ಹಿಡಿಯನ್ನು ಹನ್ನೊಂದು ಸಲ ಬಿಗಿದು ಬಿಚ್ಚಿದ. ಹನ್ನೊಂದು ಸಲವೂ ಬೈದ. ಅವಳು ಎದ್ದು ಬರಲಿಲ್ಲ.