ಕಾಕು ತೆಗೆದಿಟ್ಟ ಚಷ್ಮಾ

ಅರ್ಧ ಸತ್ಯ ಹೇಳಿ ನಾನೊಂದು ವಾದ ಗೆದ್ದೆ. ಆ ಗೆಲುವಿನಿಂದ ನನಗೆ ನೃತ್ಯ ಸಂಯೋಜಕಿ ಎಂಬ ಹೆಸರು ಬಂತು. ನನ್ನ ಕಾಕುವಿನ ಬಾಯಿ ಮುಚ್ಚಿತು. ಉಳಿದರ್ಧವನ್ನು ಇಷ್ಟು ವರ್ಷ ಬಚ್ಚಿಟ್ಟೆ — ಮರೆತಿದ್ದೆ ಎನ್ನಲಾರೆ, ಮರೆತಿರಲಿಲ್ಲ.

ಕಾಕು ಎಂದರೆ ಅಪ್ಪನ ತಮ್ಮನ ಹೆಂಡತಿ. ನಮ್ಮದು ಸೊಲ್ಲಾಪುರದ ನವಿ ಪೇಠದಲ್ಲಿ ಚಾದರು, ಟವೆಲ್ಲುಗಳ ಅಂಗಡಿ. ಕಾಕಾ, ಕಾಕು ಇರುವುದು ಅಕ್ಕಲಕೋಟೆಯ ಹಳೆಯ ಮನೆಯಲ್ಲಿ. ಎರಡೂ ಮನೆಯ ಹೆಂಗಸರು ಯಾವ ನಿರ್ಧಾರಕ್ಕೂ ಬಾಯಿ ಹಾಕುವಂತಿರಲಿಲ್ಲ. ಆದರೆ ಅಮಾವಾಸ್ಯೆಯ ಮಧ್ಯಾಹ್ನ, ಎಲ್ಲರೂ ಅಕ್ಕಲಕೋಟೆಯಲ್ಲಿ ಸೇರಿದಾಗ, ಕಾಕುವಿನ ಮೈಮೇಲೆ ದೇವಿ ಅಂಬಾಬಾಯಿ ಬರುತ್ತಿದ್ದಳು. ಉಳಿದ ದಿನ ಭಾವನ ಎದುರು ಸೆರಗು ಸರಿಸದ ಕಾಕು ಆಗ ನನ್ನಪ್ಪನನ್ನು ಹೆಸರು ಹಿಡಿದು, ಏಕವಚನದಲ್ಲಿ ಕರೆಯುತ್ತಿದ್ದಳು. ಅಪ್ಪ ಅವಳ ಹಣೆಗೆ ಭಂಡಾರದ ಅರಿಸಿನ ಹಚ್ಚಿ, ಕೈಮುಗಿದು ಕೇಳುತ್ತಿದ್ದರು. ತಾಯಿ ಹೇಳಿದ್ದು ನಡೆಯುತ್ತಿತ್ತು.

ನಾನು ನಂಬಿದವಳಲ್ಲ. ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು, ದೇವರಿಗೂ ಪುರಾವೆ ಕೇಳುತ್ತಿದ್ದೆ. ಪುರಾವೆ ಸಿಕ್ಕಿಯೂ ಇತ್ತು. ತಾಯಿ ಬರುವ ಮುಂಚೆ ಕಾಕು ಚಷ್ಮಾ ತೆಗೆದು, ಕಡ್ಡಿ ಮಡಚಿ, ದೇವರ ಗೂಡಿನ ಪಕ್ಕ ಇಡುತ್ತಿದ್ದಳು. ತಾನು ಬೀಳುತ್ತೇನೆಂದು ಮೊದಲೇ ಗೊತ್ತಿದ್ದವಳಲ್ಲವೇ ಹಾಗೆ ಮಾಡುವುದು?

ಬೇರೆ ಊರಿನ ವಿಶ್ವವಿದ್ಯಾಲಯದಲ್ಲಿ ಸಮಕಾಲೀನ ನೃತ್ಯದ ಪದವಿಗೆ ಸೇರಿದೆ. ಮೊದಲ ವರ್ಷ ಮೈ ಮಣಿಯಲೇ ಇಲ್ಲ. ಉಸಿರು ಬಿಡು, ಭಾರವನ್ನು ನೆಲಕ್ಕೆ ಒಪ್ಪಿಸು, ಬೀಳು ಎನ್ನುತ್ತಿದ್ದರು. ನನಗೆ ಬೀಳಲು ಭಯ. ನೀನು ಕುಣಿಯುತ್ತಿಲ್ಲ, ವಾದ ಮಾಡುತ್ತಿದ್ದೀ ಎಂದರು ಗುರುಗಳು. ಒಂದು ದಿನ ಕಣ್ಣು ಮುಚ್ಚಿ ನಿಂತಾಗ ಕಾಕುವಿನ ಮೈ ನೆನಪಾಯಿತು. ಹಿಮ್ಮಡಿ ನೆಲ ಬಿಡದು. ತೂಗಾಟ ಬೆನ್ನಿನ ಬುಡದಿಂದ ಹುಟ್ಟಿ ಮೇಲೇರಿ, ಎಲ್ಲಕ್ಕಿಂತ ಕೊನೆಗೆ ತಲೆಯನ್ನು ಎಳೆದುಕೊಂಡು ಹೋಗುತ್ತದೆ. ಅದನ್ನೇ ಹಿಡಿದು ಬಿದ್ದೆ. ಏಳುವುದೂ ಬಂತು. ಕೊನೆಯ ವರ್ಷದ ನನ್ನ ಸಂಯೋಜನೆ ಪೂರ್ತಿ ಕಾಕುವಿನ ಮೈಯಿಂದಲೇ ಬಂದದ್ದು. ಅದರ ಶುರುವಿನಲ್ಲಿ ನಾನು ಚಷ್ಮಾ ತೆಗೆದು, ಕಡ್ಡಿ ಮಡಚಿ, ಸ್ಟೂಲಿನ ಮೇಲೆ ಇಡುತ್ತಿದ್ದೆ.

ಅದನ್ನು ಸೊಲ್ಲಾಪುರದಲ್ಲೂ ಮಾಡಿದೆ. ಮನೆಯವರನ್ನೆಲ್ಲ ನಾನೇ ಕರೆದೆ. ಚಷ್ಮಾ ಇಟ್ಟ ಕ್ಷಣ ಸಭೆ ನಕ್ಕಿತು. ಮುಗಿದ ಮೇಲೆ ಯಾರೋ ಕೇಳಿದರು, ಇದು ಭಕ್ತಿಯೋ ನಟನೆಯೋ ಎಂದು. ಸುಮ್ಮನಿರಬಹುದಿತ್ತು. ಮೈಕು ಕೈಯಲ್ಲಿತ್ತು. ನಮ್ಮ ಮನೆಯಲ್ಲೇ ಕಂಡದ್ದು ಎಂದೆ. ಚಷ್ಮಾ ಒಡೆಯಬಾರದೆಂಬ ಎಚ್ಚರ ಇರುವವಳಿಗೆ ಮುಂದಿನದೆಲ್ಲ ಗೊತ್ತಿರುತ್ತದೆ, ಬರುವವಳು ದೇವಿಯಲ್ಲ ಎಂದೆ. ಚಪ್ಪಾಳೆ. ಮುಂದಿನ ಸಾಲಿನಲ್ಲಿ ಕಾಕುವಿನ ಕೈ ತನ್ನ ಚಷ್ಮಾಕ್ಕೆ ಹೋಯಿತು. ಅಪ್ಪ ತಿರುಗಿ ಅವಳನ್ನು ನೋಡಿದರು — ನಾನು ನೋಡಿದೆ, ಅವರು ನೋಡಿದ್ದನ್ನು — ಆದರೂ ಚಪ್ಪಾಳೆಗೆ ತಲೆ ಬಾಗಿಸಿದೆ.

ಕಾಕುವಿನ ಮಗಳು ಪಲ್ಲವಿಗೆ ನರ್ಸಿಂಗ್ ಓದುವ ಆಸೆ. ಕಾಕಾ ಆಗಲೇ ಗಂಡು ನೋಡಿಯಾಗಿತ್ತು. ಮುಂದಿನ ಅಮಾವಾಸ್ಯೆಗೆ ಆ ಮಾತು ತೀರ್ಮಾನವಾಗಬೇಕಿತ್ತು. ಆವತ್ತು ನಡೆದದ್ದನ್ನು ಅಪ್ಪನೇ ಫೋನಿನಲ್ಲಿ ನಗುತ್ತ ಹೇಳಿದರು. ಕಾಕು ಚಷ್ಮಾಕ್ಕೆ ಕೈ ಹಚ್ಚಿದ್ದೇ ತಡ, ಕಾಕಾ ಅಂದರಂತೆ, "ಹಾಂ, ಜೋಪಾನ ಇಡು. ಅಂಬಾಬಾಯಿ ಬರೂ ಟೈಮ್ ಆತು." ಮನೆಮಂದಿಯೆಲ್ಲ ನಕ್ಕರಂತೆ. ಕಾಕು ಚಷ್ಮಾ ತೆಗೆಯದೆ ಅಡುಗೆಮನೆಗೆ ಹೋದಳಂತೆ. ಪಲ್ಲವಿಯ ಮದುವೆ ಆಯಿತು.

ಇನ್ನು ಬಚ್ಚಿಟ್ಟ ಅರ್ಧ. ಅಪ್ಪ ನನ್ನನ್ನು ಕುಣಿತ ಕಲಿಯಲು ಕಳಿಸಿದ್ದು ನನ್ನ ವಾದ ಕೇಳಿ ಅಲ್ಲ. ನನ್ನ ಒಂದು ವಾದವೂ ಅವರೆದುರು ನಿಂತಿರಲಿಲ್ಲ. ಸೋತು ಅಕ್ಕಲಕೋಟೆಗೆ ಹೋಗಿ, ಕಾಕುವಿನ ಮಡಿಲಲ್ಲಿ ತಲೆಯಿಟ್ಟು ಅತ್ತಿದ್ದೆ. ನೀನೇ ಏನಾದರೂ ಮಾಡು ಎಂದಿದ್ದೆ. "ಅಮಾಸಿಗೆ ಬಾ," ಎಂದಳು, ಅಷ್ಟೇ. ಆ ಅಮಾವಾಸ್ಯೆ ಅವಳು ಚಷ್ಮಾವನ್ನು ಗೂಡಿನ ಪಕ್ಕ ಇಡಲಿಲ್ಲ. ನನ್ನ ಕೈಗೆ ಕೊಟ್ಟಳು. ಕೂದಲು ಬಿಚ್ಚಿ ತೂಗುತ್ತ ಅಪ್ಪನಿಗೆ ಹೇಳಿದಳು: "ಶಿವಾನಂದಾ, ಹುಡಿಗಿ ಕಾಲಿಗೆ ಹಗ್ಗಾ ಹಾಕಬ್ಯಾಡ. ಆಕಿ ಕುಣೀತಾಳ. ಕಳಸು."

ಚಷ್ಮಾವನ್ನು ಬಿಗಿಯಾಗಿ ಹಿಡಿದು ನಿಂತಿದ್ದೆ. ಒಳಗೊಳಗೇ ಗೆದ್ದೆ ಎಂದುಕೊಳ್ಳುತ್ತಿದ್ದೆ.

ನಟನೆಯೇ ಆಗಿದ್ದರೆ, ಬೇಡಿ ಮಾಡಿಸಿಕೊಂಡವಳು ನಾನು. ಅಥವಾ ನಟನೆ ಅಲ್ಲವೇನೋ. ಬೇರೆ ದಾರಿಯೇ ಇಲ್ಲದ ಹೆಂಗಸಿನ ಮೈ ಮಾತಾಡುವ ಬಗೆ ಅದು, ಅವಳಿಗೂ ಗೊತ್ತಿತ್ತೋ ಇಲ್ಲವೋ... ಇರಲಿ. ಮತ್ತೆ ವಾದಕ್ಕಿಳಿಯುತ್ತಿದ್ದೇನೆ.

ಮೊನ್ನೆ ಅಕ್ಕಲಕೋಟೆಗೆ ಹೋದೆ. ಕಾಕು ಅಡುಗೆಮನೆಯಲ್ಲಿದ್ದಳು. ಎಲ್ಲರನ್ನೂ ಕೂಡಿಸಿ ಹೇಳಿಬಿಡುತ್ತೇನೆ ಎಂದೆ — ಆವತ್ತು ಚಷ್ಮಾ ಇದ್ದದ್ದು ನನ್ನ ಕೈಯಲ್ಲಿ, ಕೇಳಿಕೊಂಡವಳು ನಾನೇ ಎಂದು. ಅವಳು ಸೌಟು ನಿಲ್ಲಿಸಲಿಲ್ಲ.

"ಹೇಳಿದರ ಏನಾಗತೈತಿ? ಕಾಕು ಖೊಟ್ಟಿ ಅನ್ನಾಕ ಇನ್ನೊಂದು ಸಾಕ್ಷಿ ಆತು, ಅಷ್ಟ. ಪಲ್ಲವಿ ಕಾಲೇಜಿಗೆ ಹೋಗತಾಳೇನವಾ?"

ಯಾರನ್ನೂ ಕೂಡಿಸಲಿಲ್ಲ.

ಅದಕ್ಕೇ ಇಲ್ಲಿ ಬರೆದೆ. ನಮ್ಮ ಮನೆಯಲ್ಲಿ ಮಾತು ಕನ್ನಡ, ಓದು ಮರಾಠಿ. ಅಜ್ಜನ ಹಠಕ್ಕೆ ಕನ್ನಡ ಶಾಲೆಗೆ ಹೋದವಳು ನಾನೊಬ್ಬಳೇ. ಇದನ್ನು ಅವರ್ಯಾರೂ ಓದುವುದಿಲ್ಲ. ಹೇಡಿತನ ಎನ್ನಿ, ಒಪ್ಪುತ್ತೇನೆ. ಆ ಕುಣಿತವನ್ನು ಇನ್ನು ಮಾಡುವುದಿಲ್ಲ. ಅದರಿಂದ ಯಾರಿಗೂ ಏನೂ ಮರಳಿ ಸಿಗುವುದಿಲ್ಲ ಎಂಬುದೂ ಗೊತ್ತು.

ಮೊನ್ನೆ ಅಷ್ಟು ಹೇಳಿ ಕಾಕು ಬೇಳೆಯ ಮುಚ್ಚಳ ತೆಗೆದಳು. ಆವಿ ಎದ್ದು ಚಷ್ಮಾದ ಎರಡೂ ಗಾಜು ಬೆಳ್ಳಗಾದವು. ಅವಳ ಕಣ್ಣು ಕಾಣಿಸಲಿಲ್ಲ. ಒರೆಸಿಕೊಳ್ಳುತ್ತಾಳೆಂದು ಕಾದೆ. ಅವಳು ಅದನ್ನು ತೆಗೆಯಲಿಲ್ಲ. ಹಾಗೇ, ಕಾಣದೆಯೇ, ಉಪ್ಪಿನ ಡಬ್ಬಿಗೆ ಕೈ ಚಾಚಿದಳು.