ದುರಸ್ತಿಗೆ ಮೀರಿದ ಕುರ್ಚಿಗಳು

ಕುರ್ಚಿಯಣ್ಣನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ತಾಳ್ಮೆಯೆಲ್ಲ ಬೆರಳ ತುದಿಯಲ್ಲಿ. ಬಾಯಿ ಯಾರನ್ನೋ ಬೈಯುತ್ತಿರುವಾಗಲೇ ಕೈ ಒದ್ದೆ ಬೆತ್ತವನ್ನು ತೂತಿನಿಂದ ತೂತಿಗೆ ಎಳೆದು ಹರಿದ ಕುರ್ಚಿಗೆ ಜೀವ ಕೊಟ್ಟುಬಿಡುತ್ತಿತ್ತು. ಬೀದಿಯ ಕೊನೆಯಲ್ಲಿದ್ದ ಪ್ರಾರ್ಥನಾ ಮಂದಿರದ ನಲವತ್ತು ಕುರ್ಚಿಗಳನ್ನು ಇಪ್ಪತ್ತೆರಡು ವರ್ಷದಿಂದ ಪುಕ್ಕಟೆಯಾಗಿ ನೋಡಿಕೊಂಡವನು ಅವನೇ. ಯಾವುದರ ಯಾವ ಕಾಲು ಕುಂಟು, ಕಿರಾಣಿ ಅಂಗಡಿಯವನು ಕೂತು ಹರಿದದ್ದು ಯಾವುದು, ಎಲ್ಲ ಅವನಿಗೆ ಬಾಯಿಪಾಠ.

ಅವನನ್ನು ಕಾಡುತ್ತಿದ್ದ ಕೊರಗು ಒಂದೇ. ಮಂದಿರಕ್ಕೆ ಏಳು ಮೆಟ್ಟಿಲು. ಅಮ್ಮನ ಕಾಲು ಸೋತು ಗಾಲಿಕುರ್ಚಿ ಬಂದ ಮೇಲೆ, ಅವಳನ್ನು ಕುರ್ಚಿಸಮೇತ ಮುಂದಿನಿಂದ ಇವನು, ಹಿಂದಿನಿಂದ ಭಾವಮೈದುನ ಎತ್ತಿಕೊಂಡು ಹೋಗುತ್ತಿದ್ದರು. ಮೂರು ತಿಂಗಳ ಹಿಂದೆ ಇವನ ಸೊಂಟ ಕಟಕ್ ಎಂದಿತು. ಇನ್ನು ಭಾರ ಎತ್ತಕೂಡದು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ಅಂದಿನಿಂದ ಅಮ್ಮ ಮನೆಯಲ್ಲೇ. "ಊರ ಕುರ್ಚಿ ಎಲ್ಲಾ ಸರಿಮಾಡ್ತೀಯ, ನಿನ್ನ ಸೊಂಟಕ್ಕೊಂದು ಮೊಳೆ ಹೊಡ್ಕೊಳೋಕಾಗಲ್ವೇನೋ?" ಎಂದು ಚುಚ್ಚುವಳು. ನಗುತ್ತಲೇ ಚುಚ್ಚುವಳು, ಆದರೆ ಪ್ರಾರ್ಥನೆಯ ಹೊತ್ತಿಗೆ ಕಿಟಕಿ ಬಿಟ್ಟು ಕದಲುತ್ತಿರಲಿಲ್ಲ.

ಅಷ್ಟರಲ್ಲಿ ಯಾವುದೋ ಸಿರಿವಂತ ಮನೆತನದ ಪ್ರತಿಷ್ಠಾನದವರು ರಾಜ್ಯದ ಧಾರ್ಮಿಕ ಸಂಸ್ಥೆಗಳಿಗೆ ಅನುದಾನ ಕೊಡುತ್ತಾರೆಂಬ ಸುದ್ದಿ ಬಂತು. ಒಂದು ಸಂಸ್ಥೆಗೆ ಒಂದೇ ಅರ್ಜಿ, ಅದರಲ್ಲಿ ಒಂದೇ ಕೆಲಸ. ಕುರ್ಚಿಯಣ್ಣ ಮಂದಿರದ ಕಾರ್ಯದರ್ಶಿಯ ಮನೆಗೆ ಓಡಿದ.

"ಸಾರ್, ಮೆಟ್ಟಿಲ ಪಕ್ಕ ಒಂದು ಇಳಿಜಾರು ದಾರಿ ಕೇಳಿ. ಅಮ್ಮ ಒಳಗೆ ಬರ್ತಾಳೆ."

"ಒಬ್ಬರಿಗೋಸ್ಕರ ಕೇಳೋಕಾಗುತ್ತೇನಯ್ಯ? ಹೊಸ ಕುರ್ಚಿ ಕೇಳಿದೀನಿ. ಕೂರೋರು ಎಲ್ರೂ ತಾನೆ?"

ಅರ್ಜಿ ಮೇಜಿನ ಮೇಲೇ ಇತ್ತು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನಾದರೂ ಆ ಸಾಲು ಅವನ ಕಣ್ಣಿಗೆ ನೆಟ್ಟಗೆ ಬಂದು ಚುಚ್ಚಿತು: 'ನಲವತ್ತು ಕುರ್ಚಿಗಳೂ ದುರಸ್ತಿಗೆ ಮೀರಿವೆ.'

"ದುರಸ್ತಿಗೆ ಮೀರಿವೆಯಾ? ನಾನಿನ್ನೂ ಬದುಕಿದೀನಿ ಸಾರ್!"

"ಅಯ್ಯೋ, ಅರ್ಜಿ ಅಂದ್ರೆ ಹಾಗೇ ಬರೀಬೇಕು ಕಣೋ. ಸೋಮವಾರ ನೋಡೋಕೆ ಬರ್ತಾರೆ. ಅಲ್ಲಿತನಕ ಒಂದು ಮೊಳೆನೂ ಮುಟ್ಟಬೇಡ."

ಮುಟ್ಟಬೇಡ ಎಂದದ್ದೇ ತಪ್ಪಾಯಿತು. ಕೆಮ್ಮು ಹತ್ತಿದವನಿಗೆ ಕೆಮ್ಮಬೇಡ ಎಂದ ಹಾಗಾಯಿತು. ಮಂದಿರದ ಬೀಗದ ಕೈ ಹೇಗೂ ಇವನ ಹತ್ತಿರವೇ ಇತ್ತು. ಹಲ್ಲು ಕಡಿಯುತ್ತ, ಗೊಣಗುತ್ತ, ವಾರವಿಡೀ ಬೆಳಗ್ಗೆ ಕೂತು ಹದಿಮೂರು ಕುರ್ಚಿ ಹೆಣೆದ. ಮಿಕ್ಕವುಗಳ ಕೀಲು ಬಿಗಿದ.

ಸೋಮವಾರ ಪ್ರತಿಷ್ಠಾನದ ಮೇಡಂ ಬಂದರು, ಬಗಲಲ್ಲಿ ಫೈಲು. ಆಕೆ ಬೀಳದಿರಲಿ, ಒಂದಿಷ್ಟು ಅಲುಗಾಡಲಿ ಎಂದು ಕಾರ್ಯದರ್ಶಿ ಎಲ್ಲಕ್ಕಿಂತ ಹಳೆಯ ಕುರ್ಚಿಯನ್ನೇ ಎಳೆದು ಹಾಕಿದ. ಮೇಡಂ ಕೂತರು. ಕುರ್ಚಿ ಕಿರ್ ಎನ್ನಲಿಲ್ಲ.

"ಅದಲ್ಲ ಮೇಡಂ, ಇದನ್ನ ನೋಡಿ," ಎಂದು ಇನ್ನೊಂದರ ಮೇಲೆ ತಾನೇ ಕೂತು ಕುಲುಕಿದ. ಅಲುಗಲಿಲ್ಲ. ಮತ್ತೊಂದು. ಮಗದೊಂದು. ಹತ್ತನೆಯದಕ್ಕೆ ಬರುವಷ್ಟರಲ್ಲಿ ಅವನ ಉಸಿರು ಕಿತ್ತುಬಂತೇ ಹೊರತು ಒಂದು ಎಳೆ ಬೆತ್ತ ಕಿತ್ತು ಬರಲಿಲ್ಲ.

"ಎಲ್ಲಾ ಗಟ್ಟಿಯಾಗೇ ಇವೆಯಲ್ಲ? ಯಾರು ಸರಿಮಾಡಿದ್ದು?"

ಮಂದಿರದ ಕೈಗೆ ಬಂದ ತುತ್ತನ್ನು ತಾನೇ ತಟ್ಟಿ ಬೀಳಿಸಿದೆನಲ್ಲ ಎನಿಸಿತು ಕುರ್ಚಿಯಣ್ಣನಿಗೆ. ಆದರೂ ಸುಳ್ಳು ಬರಲಿಲ್ಲ. "ನಾನೇ. ಇಲ್ಲಿ ದುರಸ್ತಿಗೆ ಮೀರಿದ್ದು ನನ್ನ ಸೊಂಟ ಒಂದೇ ಮೇಡಂ."

ಆಗ ಬೀದಿಯಿಂದ ಅಮ್ಮನ ದನಿ ಕೇಳಿತು. ತಮಾಷೆ ತಪ್ಪಿಹೋದೀತೆಂದು ಭಾವಮೈದುನನಿಂದ ಗಾಲಿಕುರ್ಚಿ ತಳ್ಳಿಸಿಕೊಂಡು ಮೆಟ್ಟಿಲ ಬುಡಕ್ಕೆ ಬಂದಿದ್ದಳು. "ಲೋ, ಒಂದಾದರೂ ಮುರೀತೇನೋ?"

ಮೇಡಂ ನಗು ತಡೆಯಲಾರದೆ ಕೆಳಗಿಳಿದರು. "ನೀವ್ಯಾಕಮ್ಮ ಮೇಲೆ ಬರಲಿಲ್ಲ?"

"ನನ್ನ ಮಗ ನಲವತ್ತು ಕುರ್ಚಿ ಸರಿಮಾಡಿದಾನೆ ತಾಯಿ. ಈ ಒಂದು ಕುರ್ಚಿ ಮಾತ್ರ ಮೆಟ್ಟಿಲು ಹತ್ತಲ್ಲ ಅನ್ನುತ್ತೆ."

ಮೇಡಂ ಏಳು ಮೆಟ್ಟಿಲನ್ನೂ ಒಂದೊಂದಾಗಿ ನೋಡಿ ಕಾರ್ಯದರ್ಶಿಯ ಕಡೆ ತಿರುಗಿದರು. "ಇಲ್ಲದ ಕೊರತೆಗೆ ನಾವು ಕೊಡೋದಿಲ್ಲ ಸಾರ್. ಇರೋದನ್ನ ಬರೆದುಕೊಡಿ. ಅರ್ಜಿ ಬದಲಿಸೋಕೆ ಶುಕ್ರವಾರದ ತನಕ ಸಮಯ ಇದೆ."

ಕಾರ್ಯದರ್ಶಿ ತಲೆ ಕೆರೆದುಕೊಂಡ. ಅಮ್ಮ ಬಿಡಲಿಲ್ಲ. "ಬರಿಯಪ್ಪ, ಬರಿ. ನಿನ್ನ ಏದುಸಿರು ಬೀದಿಗೇ ಕೇಳ್ತಿತ್ತು. ನಾಳೆ ನಿನಗೂ ಬೇಕಾಗುತ್ತೆ."

ಅವನು ಮೆಟ್ಟಿಲ ಮೇಲೇ ಕುಸಿದು ಕೂತು, ಮೊದಲು ಬೆವರು ಒರೆಸಿಕೊಂಡು, ಆಮೇಲೆ ಪೆನ್ನು ತೆಗೆದ.

ಇನ್ನೂ ಮೂರು ತಿಂಗಳು ಹಿಡಿಯಿತು. ಅನುದಾನ ಬಂತು, ಗಾರೆಯವರು ಬಂದರು, ಮೆಟ್ಟಿಲ ಪಕ್ಕಕ್ಕೆ ನುಣ್ಣಗೆ ಇಳಿಜಾರು ಎದ್ದಿತು. ಮೊದಲ ದಿನ ಕುರ್ಚಿಯಣ್ಣ ಹಿಂದಿನಿಂದ ಕೈ ಹಾಕಲು ಹೋದರೆ ಅಮ್ಮ ಗದರಿದಳು: "ಮುಟ್ಟಬೇಡ!" ತಾನೇ ಗಾಲಿ ತಿರುಗಿಸುತ್ತ, ನಡುವೆ ನಿಂತು ಸುತ್ತ ನೋಡುತ್ತ, ಹಿಂದೆ ಸಾಲುಗಟ್ಟಿದವರನ್ನೆಲ್ಲ ಕಾಯಿಸುತ್ತ ಮೇಲೇರಿದಳು. ನೇರವಾಗಿ ಮುಂದಿನ ಸಾಲಿಗೆ ಹೋಗಿ ನಡುದಾರಿಯಲ್ಲೇ ಠಿಕಾಣಿ ಹೂಡಿದಳು.

"ಅಮ್ಮ, ಓಡಾಡೋರಿಗೆ ಅಡ್ಡ ಆಗುತ್ತೆ, ಒಂಚೂರು ಆ ಕಡೆ..." ಎಂದ ಕಾರ್ಯದರ್ಶಿ.

"ನಿನ್ನ ಮೆಟ್ಟಿಲು ಆರು ತಿಂಗಳು ನನಗೆ ಅಡ್ಡ ಇತ್ತಲ್ಲಪ್ಪ? ನಾನೊಂದು ಗಂಟೆ ಇರ್ತೀನಿ."

ಮಂದಿರವೆಲ್ಲ ಘೊಳ್ಳೆಂದಿತು. ಕಾರ್ಯದರ್ಶಿಯೂ ನಕ್ಕ. ಕಿರಾಣಿ ಅಂಗಡಿಯವನು ಮೈ ಕುಲುಕಿ ನಕ್ಕ ರಭಸಕ್ಕೆ ಹಿಂದಿನ ಸಾಲಿನಲ್ಲಿ ಚರಕ್ಕೆಂದು ಬೆತ್ತ ಹರಿಯಿತು. ಎಲ್ಲರೂ ತಿರುಗಿ ಕುರ್ಚಿಯಣ್ಣನ ಮುಖ ನೋಡಿದರು.

"ಏಳಬೇಡ, ಹಾಗೇ ಕೂತಿರು ಮಹಾರಾಯ," ಎಂದ ಅವನು ಸೊಂಟ ಹಿಡಿದುಕೊಂಡು ನಗುತ್ತ. "ದುರಸ್ತಿಗೆ ಮೀರಿಲ್ಲ!"